ಊರಿನಲ್ಲಿ ಮೂರನೇ ಕ್ಲಾಸು

ವಲಸೆ ಎಂದೊಡನೆ ಶಿವಮೊಗ್ಗೆಯವರಿಗೆ ಮಂಡಗದ್ದೆ ನೆನಪಾಗುತ್ತದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಿಗೆ ಬರುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳನ್ನು ನೋಡಲು ಜನ ಬಸ್ಸು ಹತ್ತಿ ಹೋಗುತ್ತಾರೆ. ಮಳೆ ನಿಂತ ಮೇಲೆ ಊರಂಚಿನ ಹೊಸ ಬಡಾವಣೆಗಳಿಗೇ ಬರುವ ಇನ್ನೊಂದು ವಲಸೆಯನ್ನು ನೋಡಲು ಯಾರೂ ಹೋಗುವುದಿಲ್ಲ.

ಹೋಗುವವರು ಒಬ್ಬರಿದ್ದಾರೆ. ಸಮಾಜಕಾರ್ಯ ಓದಿದ ಈಕೆಯ ಹೆಗಲ ಚೀಲದಲ್ಲಿ ಒಂದು ನೋಟ್‌ಬುಕ್ಕು, ಬಿಸ್ಕತ್ತಿನ ಪೊಟ್ಟಣ, ಒಂದು ಕಾನೂನಿನ ಜೆರಾಕ್ಸ್ ಪ್ರತಿ. ಅರ್ಧ ಎದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರಿಗೆ ಸಿಕ್ಕವಳು ಎಂಟೊಂಬತ್ತು ವರ್ಷದ ಹುಡುಗಿ. ವಿಜಯಪುರ ಕಡೆಯವಳು. ಕಂಕುಳಲ್ಲಿ ತಮ್ಮ.

"ಯಾವ ಕ್ಲಾಸು ಪುಟ್ಟಾ?"

"ಊರಾಗ ಮೂರನೇ ಕ್ಲಾಸ್ ರೀ. ಇಲ್ಲಿ ಏನೂ ಇಲ್ರಿ."

ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರು ಟಿ.ಸಿ. ಕೇಳಿದರು. ಜೆರಾಕ್ಸ್ ಹೊರಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆನ್ನುತ್ತದೆ ಅದರ 4ನೇ ಕಲಂ, ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುತ್ತದೆ 5ನೆಯದು. ಹುಟ್ಟಿದ ದಿನಾಂಕದ ದಾಖಲೆ ಇಲ್ಲದಿದ್ದರೂ ಬಾಗಿಲು ಮುಚ್ಚುವಂತಿಲ್ಲ, ಅದು 14ನೆಯದು.

"ಸೇರಿಸ್ಕೋಬಹುದಮ್ಮಾ. ಜನವರಿಗೆ ಹೊರಟುಹೋದ್ರೆ ಹಾಜರಾತಿ ಯಾರು ತೋರಿಸೋದು?" ಎಂದರು ಅವರು. ಕೆಟ್ಟವರೇನಲ್ಲ. ರಿಜಿಸ್ಟರಿನಲ್ಲಿ ಖಾಲಿ ಮನೆ ಉಳಿದರೆ ಉತ್ತರ ಹೇಳಬೇಕಾದವರು ಅವರೇ ತಾನೆ! ಕೊನೆಗೆ ಹೆಸರು ಬರೆದುಕೊಂಡರು.

ಆದರೆ ಹುಡುಗಿ ಬರಲಿಲ್ಲ. ತಾಯಿ ಸಿಮೆಂಟು ಹೊರುವಾಗ ತಮ್ಮನನ್ನು ಹೊರುವವರು ಯಾರು? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನು ಶಿಶುಗಳಿಗೆ ಪ್ರತ್ಯೇಕ ಕೊಠಡಿ ಬೇಕೆಂದಿತ್ತು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಾತ್ರ. 2020ರ ಸಂಹಿತೆ ಹೆಂಗಸರೇ ಆಗಬೇಕಿಲ್ಲ, ಕೆಲಸಗಾರರು ಐವತ್ತು ದಾಟಿದರೆ ಸಾಕೆಂದಿತು. ಈ ಕಟ್ಟಡದಲ್ಲಿ ಇದ್ದವರು ಮೇಸ್ತ್ರಿಯೂ ಸೇರಿ ಹನ್ನೊಂದು ಜನ. ಇನ್ನು ಅಂಗನವಾಡಿಯಲ್ಲಿ ಕೂರಲು ಮೂರು ವರ್ಷ ತುಂಬಬೇಕು, ತಮ್ಮನಿಗೆ ಎರಡು. ಕಾನೂನುಗಳೆಲ್ಲ ಸರಿಯಾಗಿಯೇ ಇದ್ದವು, ಮಗು ಮಾತ್ರ ಅವುಗಳ ನಡುವಿನ ಸಂದಿಯಲ್ಲಿತ್ತು. ಅಂಗನವಾಡಿಯ ಟೀಚರು ಮಗುವನ್ನೊಮ್ಮೆ ನೋಡಿ, "ಅಳದಿದ್ರೆ ಇರಲಿ ಬಿಡಿ" ಎಂದರು. ಅದು ಅಳಲಿಲ್ಲ. ಮಾರನೆಯ ದಿನ ಅಕ್ಕ ಶಾಲೆಗೆ ಬಂದಳು. ಅವಳ ಮಾತು ಕೇಳಿ ಹುಡುಗರು ನಾಲ್ಕು ದಿನ ನಕ್ಕರು, ಐದನೆಯ ದಿನ ಹಾಗೆಯೇ ಮಾತಾಡಲು ಕಲಿತರು.

ಜನವರಿಯಲ್ಲಿ ಶೆಡ್ಡು ಖಾಲಿಯಾಗಿತ್ತು. ಮೂರನೆಯ ದಿನ ತಂದೆಯ ಫೋನು. "ಭದ್ರಾವತಿಗೆ ಬಂದೀವ್ರಿ ಅಕ್ಕಾರ. ಹುಡುಗಿ ಸಾಲಿ ಸಾಲಿ ಅಂತಾಳ್ರಿ."

ಭದ್ರಾವತಿಯೇ ವಲಸೆ ಬಂದವರು ಕಟ್ಟಿದ ಊರು. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದಾಗ ಹಳಬರ ಬಾಯಲ್ಲಿ ಅದಿನ್ನೂ ಬೆಂಕಿಪುರ. ತಮಿಳರು, ತೆಲುಗರು, ಮಲಯಾಳಿಗಳು ಬಂದು ನೆಲೆಸಿದರು. ಕಾರ್ಖಾನೆ ಎದ್ದು ಹೋಗುವಂಥದ್ದಲ್ಲ, ಹಾಗಾಗಿ ಸುತ್ತ ಕ್ವಾರ್ಟರ್ಸು, ಆಸ್ಪತ್ರೆ, ಶಾಲೆಗಳು ಬೆಳೆದವು. ಆ ಕೂಲಿಗಳ ಮೊಮ್ಮಕ್ಕಳಲ್ಲಿ ಮೇಷ್ಟರಾದವರಿದ್ದಾರೆ, ವಕೀಲರಾದವರಿದ್ದಾರೆ. ಮನೆ ಕಟ್ಟುವ ಕೆಲಸ ಹಾಗಲ್ಲ. ತಾರಸಿ ಬಿದ್ದು ಗಾರೆ ಮುಗಿಯಿತೆಂದರೆ ಕಟ್ಟಿದವನು ಹೊರಟ.

ಶಿವಮೊಗ್ಗೆಯಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರು. ಒಂದು ಮಗುವಿನ ಓದು ಕಳೆದುಹೋಗಲು ಅಷ್ಟು ದೂರ ಧಾರಾಳವಾಯಿತು. ಕಾರ್ಯಕರ್ತೆ ಮೊದಲು ಹೋದದ್ದು ಅದೇ ಮುಖ್ಯೋಪಾಧ್ಯಾಯರ ಬಳಿ. ಅವರು ಟಿ.ಸಿ. ಬರೆದು, ಕೆಳಗೆ ಕೇಳದೆಯೇ ಒಂದು ಸಾಲು ಸೇರಿಸಿದರು: ಮಗ್ಗಿ ಹತ್ತರವರೆಗೆ ಬರುತ್ತದೆ, ಓದು ನಿಧಾನ.

ಭದ್ರಾವತಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಕಾಗದ ಓದಿ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು ಹುಡುಗಿಯನ್ನೇ ಕೇಳಿದರು, "ತಮ್ಮನ್ನ ಯಾರು ನೋಡ್ಕೋತಾರೆ?"

ಹುಡುಗಿ ಕಾರ್ಯಕರ್ತೆಯ ಮುಖ ನೋಡಿದಳು. ಅವರು ಚೀಲ ಹೆಗಲಿಗೇರಿಸಿ, ಇಲ್ಲಿ ಅಂಗನವಾಡಿ ಯಾವ ಬೀದಿಯಲ್ಲಿದೆ ಎಂದು ವಿಚಾರಿಸತೊಡಗಿದರು.