ಯಾವ ಕಪ್ಪು?

ನಮ್ಮ ರಾಜಾಜಿನಗರದಲ್ಲಿ ಬೆಳಗ್ಗೆ ವಾಕಿಂಗ್ ಮುಗಿಸಿದವರು ದರ್ಶಿನಿ ಮುಂದೆ ನಿಂತು ‘ಬೈಟು ಕಾಫಿ’ ಎನ್ನುತ್ತಾರೆ. ಒಂದು ಕಾಫಿ, ಎರಡು ಲೋಟ. ಇಂಗ್ಲಿಷಿನವರು ತಮಗೆ ಹಿಡಿಸದ ಸಂಗತಿಗೆ ‘ಅದು ನನ್ನ ಕಪ್ ಟೀ ಅಲ್ಲ’ ಎನ್ನುತ್ತಾರೆ. ಇಲ್ಲಿ ಕಪ್ಪು ಒಬ್ಬರದೇ ಆಗುವುದು ಅಪರೂಪ.

ಅಡುಗೆಯ ಕಪ್ಪಿನ ಕಥೆ ಬೇರೆ. ಮೊಮ್ಮಗಳಿಗೆ ಕೇಕ್ ಮಾಡುವ ಹುಚ್ಚು. ಅಳತೆಯ ಕಪ್ಪು ಕೊಳ್ಳಲು ವಿಜಯನಗರಕ್ಕೆ ಹೋದೆವು. ಪಾತ್ರೆ ಅಂಗಡಿಯಲ್ಲಿ ಒಂದರ ಮೇಲೆ 240 ಮಿ.ಲೀ., ಇನ್ನೊಂದರ ಮೇಲೆ 250! ಮೊದಲನೆಯದು ಅಮೆರಿಕದ ಲೆಕ್ಕ, ಎರಡನೆಯದು ಆಸ್ಟ್ರೇಲಿಯದ್ದು. ಹತ್ತು ಪೈಸೆ ತಾಳೆಯಾಗದಿದ್ದರೂ ಬ್ಯಾಂಕಿನಿಂದ ಏಳದಿದ್ದ ನನಗೆ ಈ 10 ಮಿ.ಲೀ. ಮುಳ್ಳಿನಂತೆ ಚುಚ್ಚಿತು.

ಆ ಸಂಜೆ ಮೆಲ್ಬರ್ನಿನಿಂದ ಮಗಳ ಫೋನು. ಅಲ್ಲಿ ಅವಳಿಗೆ ಮೊದಲ ದೀಪಾವಳಿ. ಅಮ್ಮನ ಸೆವೆನ್ ಕಪ್ ಬರ್ಫಿಯೇ ಆಗಬೇಕು.

“ಕಡಲೆಹಿಟ್ಟು, ಕಾಯಿತುರಿ, ಹಾಲು, ತುಪ್ಪ ಒಂದೊಂದು. ಸಕ್ಕರೆ ಮೂರು,” ಎಂದಳು ನನ್ನಾಕೆ.

“ಯಾವ ಕಪ್ಪಮ್ಮಾ?”

“ಯಾವುದಾದರೂ ಸರಿ. ಏಳನ್ನೂ ಅದರಲ್ಲೇ ಅಳೆ.”

ನಮ್ಮನೆಯದು ಹಿಡಿ ಮುರಿದ ಪಿಂಗಾಣಿ ಕಪ್ಪು. ಮೊಮ್ಮಗಳು ಹೊಸ ಕಪ್ಪಿನಿಂದ ಅದಕ್ಕೆ ನೀರು ಸುರಿದಳು. ಮುಕ್ಕಾಲು ಪಾಲಿಗೇ ತುಂಬಿ ಹರಿಯಿತು.

“ಹಾಗಾದರೆ ಈ ಸಲ ಅತ್ತೆಗೇ ಜಾಸ್ತಿ ಬರ್ಫಿ!”