ಘಟ್ಟದ ಕಾರಿಗೆ ಕಾಗದದ ಭರವಸೆ

ಸಕಲೇಶಪುರ, ಆಲೂರು ಸೀಮೆಯಲ್ಲಿ ಗಾಡಿ ಕೊಳ್ಳುವ ಕಾಲ ಎಂದರೆ ಕಾಫಿ ಮಾರಿದ ಮೇಲಿನ ತಿಂಗಳುಗಳು. ಕಣದಲ್ಲಿ ಹರಡಿದ್ದ ಚೆರಿ ಒಣಗಿ, ಮೂಟೆಯಾಗಿ, ದುಡ್ಡಾಗಿ ಕೈಗೆ ಬರುವ ಹೊತ್ತಿಗೆ ಫೆಬ್ರುವರಿಯೋ ಮಾರ್ಚೋ ಆಗಿರುತ್ತದೆ. ಹೂಮಳೆ ಬಿತ್ತೇ ಇಲ್ಲವೇ ಎಂಬ ಮಾತಿನ ಜತೆಗೇ ಯಾರ ಮನೆಗೆ ಯಾವ ಗಾಡಿ ಬಂತು ಎಂಬ ಸುದ್ದಿಯೂ ಬಾಳ್ಳುಪೇಟೆಯ ಹೋಟೆಲುಗಳಲ್ಲಿ ಓಡಾಡುತ್ತದೆ. ಹೊಸ ಕಾರಿಗೆ ಹೂವಿನ ಹಾರ ಹಾಕಿಸಿ ತರುವವರು ಕೆಲವರು. ಎರಡು ಮೂರು ಎಕರೆಯವರು, ಮೇಷ್ಟ್ರುಗಳು, ಎಸ್ಟೇಟ್ ರೈಟರುಗಳು, ಅಂಗಡಿಯವರು ನೋಡುವುದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ.

ಈ ಸಲ ನನ್ನ ತಂಗಿಯ ಮಗನ ಸರದಿ. ಅವನು ಹೆತ್ತೂರು ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರು, ಮನೆ ಸಕಲೇಶಪುರದಲ್ಲಿ. ಬೆಂಗಳೂರಿನ ಒಂದು ಯಾರ್ಡಿನಲ್ಲಿ ನಾಲ್ಕು ವರ್ಷ ಹಳೆಯ ಪೆಟ್ರೋಲ್ ಕಾರು ಒಪ್ಪಿಗೆಯಾಗಿತ್ತು. ಕ್ಲಚ್ ತುಳಿಯುವ ಕೆಲಸವಿಲ್ಲದ, ಗೇರು ತಾನೇ ಬೀಳುವ ಎಎಂಟಿ ಗಾಡಿ. ಅಲ್ಲಿಂದಲೇ ಫೋನು ಮಾಡಿದ: "ಮಾವ, ರೇಟು ಕುದುರ್ತು. ಎಕ್ಸ್‌ಟೆಂಡೆಡ್ ವಾರಂಟಿ ಅಂತ ಇನ್ನೊಂದು ಇಪ್ಪತ್ತೆರಡು ಸಾವಿರ ಕೇಳ್ತಾವ್ರೆ, ಅದ್ರ ಮೇಲೆ ಜಿಎಸ್‌ಟಿ. ಮಾಡಿಸ್ಲಾ, ಬೇಡ್ವಾ?"

"ಇವತ್ತು ದುಡ್ಡು ಕಟ್ಟಬೇಡ ಕಣಪ್ಪ. ಆ ಕಾಗದ ಇಸ್ಕೊಂಡು ಬಾ, ಓದಿ ಹೇಳ್ತೀನಿ" ಎಂದೆ.

ನಮ್ಮ ಹಿರಿಯರ ಕಾಲದಲ್ಲಿ ಇಂಥ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಅವುಗಳ ಸಂತತಿ ಮಲೆನಾಡಿನಲ್ಲಿ ತೋಟದಿಂದ ತೋಟಕ್ಕೆ ಕೈ ಬದಲಾಯಿಸುತ್ತಿದ್ದಾಗ ಒಂದೊಂದು ಜೀಪಿನ ಕುಲಗೋತ್ರವೂ ಇಡೀ ಹೋಬಳಿಗೆ ಗೊತ್ತಿರುತ್ತಿತ್ತು. ಯಾವ ಡ್ರೈವರ್ ಓಡಿಸುತ್ತಿದ್ದ, ಗೇರು ಎಳೆದು ಹಾಕುವವನೋ ಮೆಲ್ಲಗೆ ಹಾಕುವವನೋ, ಯಾವ ಮಳೆಗಾಲದಲ್ಲಿ ಹಳ್ಳಕ್ಕೆ ಇಳಿದಿತ್ತು, ಎಂಜಿನ್ ಬಿಚ್ಚಿದ ಮೇಸ್ತ್ರಿ ಯಾರು ಎಂಬುದೆಲ್ಲ ಕೇಳದೆಯೇ ತಿಳಿಯುತ್ತಿತ್ತು. ಮುಂದೆ ಬಂದ ಮಾರುತಿ 800, ಓಮ್ನಿಗಳ ವ್ಯಾಪಾರವೂ ಹೀಗೆಯೇ ನಡೆಯಿತು. 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಇವತ್ತಿಗೂ ನಮ್ಮ ತೋಟದ ರಸ್ತೆಗಳಲ್ಲಿ ಅವು ಗೊಬ್ಬರದ ಚೀಲ ಹೊತ್ತು ಓಡಾಡುತ್ತಿವೆ. ಅವಕ್ಕೆ ಯಾರ ವಾರಂಟಿಯೂ ಇಲ್ಲ. ಮಾರಿದವನು ಸಂತೆಯ ದಿನ ಎದುರಿಗೆ ಸಿಕ್ಕೇ ಸಿಗುತ್ತಾನೆ ಎನ್ನುವುದೇ ಭರವಸೆ.

ಈಗ ಗಾಡಿಗಳು ಬೆಂಗಳೂರಿನಿಂದ, ಮಂಗಳೂರಿನಿಂದ, ಒಮ್ಮೊಮ್ಮೆ ರಾಜ್ಯದಾಚೆಯಿಂದ ಬರುತ್ತವೆ. ಫೋಟೊ ನೋಡಿ, ಆ್ಯಪಿನಲ್ಲಿ ಮುಂಗಡ ಕಟ್ಟಿ ತರುವ ಕಾರಿನ ಹಿಂದಿನ ಜನ್ಮ ನಮಗೆ ತಿಳಿಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಮೂರು ಪತ್ರಿಕೆಗಳು ಹಿಂದಕ್ಕೆ ಕಳಿಸಿದ್ದ ಲೇಖನ ಅದು. 2001ರಲ್ಲಿ ಅವರಿಗೆ ನೊಬೆಲ್ ಬಂದಾಗ ಎಲ್ಲರೂ ನೆನೆದದ್ದು ಅದನ್ನೇ. ಕಾರಿನ ರೋಗ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಅನುಮಾನಪಟ್ಟು ಎಲ್ಲ ಕಾರಿಗೂ ಬೆಲೆ ಇಳಿಸಿ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚು ಉಳಿಯುತ್ತವೆ. ಇದಕ್ಕೆ ಮದ್ದು ಎಂದು ಅವರು ಹೇಳಿದವುಗಳಲ್ಲಿ ಗ್ಯಾರಂಟಿಯೂ ಒಂದು. ಅದೇ ಲೇಖನದಲ್ಲಿ ನಮ್ಮ ದೇಶದ ಹಳ್ಳಿಯ ಲೇವಾದೇವಿಗಾರರ ಮಾತೂ ಬರುತ್ತದೆ. ಸಾಲ ಕೇಳುವವನ ಪೂರ್ವಾಪರ ಊರಿನವನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ ಎಂಬುದು ಅಲ್ಲಿನ ವಿಚಾರ. ಇದನ್ನು ಓದಿದಾಗ ನನಗೆ ನಮ್ಮ ಜೀಪುಗಳು ನೆನಪಾದವು. ಪರಿಚಯ ಇಲ್ಲದ ಕಡೆ ಪರಿಚಯದ ಜಾಗದಲ್ಲಿ ನಿಲ್ಲಲು ಬಂದದ್ದು ವಾರಂಟಿ. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಅದು ಎಷ್ಟರ ಮಟ್ಟಿಗೆ ಆ ಜಾಗ ತುಂಬುತ್ತದೆ ಎಂಬುದನ್ನು ಮಾತ್ರ ನೋಡಬೇಕು.

ಅಳಿಯ ತಂದ ಕಾಗದವನ್ನು ಜಗಲಿಯಲ್ಲಿ ಕೂತು ಓದಿದೆವು. ಏನೇನು ಸೇರಿದೆ ಎಂಬುದು ದಪ್ಪಕ್ಷರದಲ್ಲಿತ್ತು: ಎಂಜಿನ್ನಿನ ಒಳಭಾಗ, ಗೇರ್‌ಬಾಕ್ಸು, ಆಲ್ಟರ್ನೇಟರು, ಸ್ಟಾರ್ಟರ್ ಮೋಟರು, ಎಸಿ ಕಂಪ್ರೆಸರು, ಕಾರಿನ ಕಂಪ್ಯೂಟರಾದ ಇಸಿಯು. ಸೇರದವುಗಳ ಪಟ್ಟಿ ಸಣ್ಣಕ್ಷರದಲ್ಲಿ, ಉದ್ದಕ್ಕಿತ್ತು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ವೈಪರು, ಬುಷ್ಷುಗಳು, ರಬ್ಬರಿನ ಪೈಪುಗಳು, ಬಲ್ಬು, ಫಿಲ್ಟರು, ತುಕ್ಕು, ಇಲಿ ಕಡಿದ ವೈರು, ನೀರು ನುಗ್ಗಿದ ಎಂಜಿನ್, ತಳಕ್ಕೆ ಕಲ್ಲು ಬಡಿದು ಆದ ಹಾನಿ. ಸವಕಳಿಯಿಂದ ಹಾಳಾಗುವ ಯಾವುದಕ್ಕೂ ಹೊಣೆಯಿಲ್ಲ. ಇಂಥ ಪಟ್ಟಿ ಹೆಚ್ಚು ಕಡಿಮೆ ಎಲ್ಲ ವಾರಂಟಿಯಲ್ಲೂ ಇರುತ್ತದೆ.

ಓದುತ್ತ ಹೋದಂತೆ ಅದು ನಮ್ಮ ಊರಿನ ವರ್ಣನೆಯಂತೆಯೇ ಕಂಡಿತು. ಆಲೂರು ದಾಟಿ ಪಶ್ಚಿಮಕ್ಕೆ ಬಂದಂತೆ ಮಳೆಯ ರೀತಿಯೇ ಬೇರೆ. ಆರಿದ್ರೆಯಲ್ಲಿ ಹಿಡಿದ ಜಡಿ ಪುನರ್ವಸು, ಪುಷ್ಯ, ಆಶ್ಲೇಷ ದಾಟಿದರೂ ಬಿಡದ ವರ್ಷಗಳಿವೆ. ತೋಟದ ಏರಿಗೆ ಮಣ್ಣಿನ ರಸ್ತೆಯಲ್ಲಿ ಅರ್ಧ ಕ್ಲಚ್ಚಿನಲ್ಲೇ ಹತ್ತಬೇಕು. ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಪ್ಯಾಡು ಉರಿಯುತ್ತದೆ. ಹಾಸುಗಲ್ಲು, ಗುಂಡಿಗಳ ಮೇಲೆ ಓಡಿ ಬುಷ್ಷು, ಬಾಲ್ ಜಾಯಿಂಟು ಸಡಿಲವಾಗುತ್ತವೆ. ನಾಲ್ಕು ತಿಂಗಳು ಒಣಗದ ತಳಕ್ಕೆ ತುಕ್ಕು ಹಿಡಿಯುತ್ತದೆ. ಬಾನೆಟ್ಟಿನ ಬಿಸಿಗೆ ಇಲಿ ಗೂಡು ಕಟ್ಟುತ್ತದೆ. ಘಟ್ಟ ಯಾವುದನ್ನು ಹಾಳು ಮಾಡುತ್ತದೋ ಅದನ್ನೆಲ್ಲ ವಾರಂಟಿ ಹೊರಗಿಟ್ಟಿದೆ. ವಾರಂಟಿ ಒಳಗೆ ಇಟ್ಟುಕೊಂಡ ಎಂಜಿನ್ನು, ಗೇರ್‌ಬಾಕ್ಸುಗಳು ಎಣ್ಣೆ ಸರಿಯಾಗಿ ಬದಲಾಯಿಸಿದ ಸಾದಾ ಕಾರಿನಲ್ಲಿ ಅಷ್ಟು ಸುಲಭವಾಗಿ ಕೆಡುವುದಿಲ್ಲ. ನನಗೆ ಇದೇ ಮುಖ್ಯ ಮಾತು. ಊರಿನ ರಸ್ತೆ, ಮಳೆಗಳನ್ನು ಒಂದು ಕೈಯಲ್ಲಿ, ಆ ಸಣ್ಣಕ್ಷರದ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆದ್ದರಿಂದ ಕೈಗೇರಿನ ಸಣ್ಣ ಪೆಟ್ರೋಲ್ ಕಾರು ಕೊಳ್ಳುವವರಿಗೆ ನಾನು ಬೇಡ ಎನ್ನುತ್ತೇನೆ. ಆ ಇಪ್ಪತ್ತೆರಡು ಸಾವಿರವನ್ನು ಬೇರೆ ಪಾಸ್‌ಬುಕ್ಕಿನಲ್ಲಿ ಇಡಿ. ಮೊದಲ ಮಳೆಗಾಲ ಕಳೆದ ಮೇಲೆ ಬುಷ್ಷು, ಪ್ಯಾಡು, ಕ್ಲಚ್ಚಿನ ಕೆಲಸ ಬಂದಾಗ ಅದು ನಿಜವಾಗಿ ಕೈಗೆ ಸಿಗುವ ದುಡ್ಡು. ಕೆಲಸ ಬಾರದೆ ಹೋದರೆ ದುಡ್ಡು ನಿಮ್ಮದೇ. ನಮ್ಮ ಗ್ಯಾರೇಜುಗಳ ಹುಡುಗರು ಇಂಥ ಕಾರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ. ಆಷಾಢದ ರಾತ್ರಿ ತೋಟದ ಗೇಟಿನ ಹತ್ತಿರ ಗಾಡಿ ನಿಂತರೆ ಟಾರ್ಚು ಹಿಡಿದು ಬರುವವರೂ ಅವರೇ. ವಾರಂಟಿ ಇದ್ದರೆ ಅವರ ಕೈಯಲ್ಲಿ ಗಾಡಿ ಬಿಚ್ಚಿಸುವಂತಿಲ್ಲ. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೋ, ಅವರು ಹೇಳಿದ ಇನ್ನಾವುದೋ ಸರ್ವಿಸ್ ಸೆಂಟರಿಗೋ ಎಳೆಸಿಕೊಂಡು ಹೋಗಬೇಕು. ಬಿಸಿಲೆ, ಶಿರಾಡಿಯ ಕಾಡಿನ ನಡುವೆ ಫೋನಿಗೆ ಸಿಗ್ನಲ್ಲೇ ಸಿಗದ ತಿರುವುಗಳಿವೆ. ಅಲ್ಲಿ ನಿಂತವನಿಗೆ ರಸ್ತೆಬದಿ ನೆರವಿನ ನಂಬರಿನಿಂದ ಏನು ಪ್ರಯೋಜನ?

ಹೊಸ ತಲೆಮಾರಿನ ಗಾಡಿಗಳ ವಿಷಯ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲಿನ ಡೀಸೆಲ್ ಕಾರು, ಟರ್ಬೊ ಇರುವ ಕಾರು, ಆಟೊಮ್ಯಾಟಿಕ್ ಗೇರಿನ ಕಾರು, ಇವುಗಳ ಒಳಗೆ ಸೆನ್ಸರು, ಇಂಜೆಕ್ಟರು, ಕಂಪ್ಯೂಟರುಗಳು ತುಂಬಿವೆ. ಅವು ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವ ಬದಲು ಇಡೀ ಭಾಗವನ್ನೇ ಬದಲಾಯಿಸುತ್ತಾರೆ, ಬಿಲ್ಲು ಒಂದೇ ಏಟಿಗೆ ಒಂದು ಬೆಳೆಯ ಲಾಭವನ್ನು ನುಂಗಬಹುದು. ನಮ್ಮೂರ ಮೇಸ್ತ್ರಿ ಎಷ್ಟೇ ಜಾಣನಾಗಿದ್ದರೂ ಕಂಪನಿಯ ಸ್ಕ್ಯಾನರ್ ಇಲ್ಲದೆ ಅದರ ಒಳಗೆ ಕೈ ಹಾಕುವಂತಿಲ್ಲ. ಇಂಥ ಗಾಡಿಗೆ ವಾರಂಟಿ ಬೇಕು. ಅಲ್ಲೂ ಒಂದು ಎಚ್ಚರ: ಬಿಎಸ್ 6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇದೆ. ಹೊಗೆ ಚೆನ್ನಾಗಿ ಬಿಸಿಯಾಗುವಂತೆ ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ ಎಂದು ಎರಡನೇ ಗೇರಿನಲ್ಲೇ ಓಡಾಡುವವರ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೀಗೆ ಕಟ್ಟಿಕೊಂಡದ್ದು ಓಡಿಸುವವರ ಅಭ್ಯಾಸದಿಂದ ಆದದ್ದು ಎಂದು ವಾರಂಟಿಯವರು ಕೈಬಿಡಬಹುದು. ವಾರಕ್ಕೊಮ್ಮೆ ಹಾಸನದ ಕಡೆ ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಬರುವುದು ಒಳ್ಳೆಯದು.

ವಿಮೆ ಇದೆಯಲ್ಲ, ಇನ್ನು ವಾರಂಟಿ ಯಾಕೆ ಎಂದು ಕೇಳುವವರಿದ್ದಾರೆ. ಎರಡೂ ಬೇರೆ ಬೇರೆ. ಮರ ಬಿದ್ದರೆ, ಗುಡ್ಡ ಜರಿದರೆ, ಡಿಕ್ಕಿಯಾದರೆ ಪೂರ್ಣ ವಿಮೆ ಬರುತ್ತದೆ. ಎಂಜಿನ್ ತಾನಾಗಿ ಕೆಟ್ಟರೆ ಬರುವುದಿಲ್ಲ. ನೀರು ತುಂಬಿದ ಹಳ್ಳದಲ್ಲಿ ಗಾಡಿ ಇಳಿಸಿ, ಎಂಜಿನ್ನಿಗೆ ನೀರು ಎಳೆದು ಕಚ್ಚಿಕೊಂಡರೆ ವಾರಂಟಿಯೂ ಕೊಡದು, ಸಾದಾ ವಿಮೆಯೂ ಸಾಮಾನ್ಯವಾಗಿ ಕೊಡದು. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ವಿಮೆಯಲ್ಲೇ ಸೇರಿಸಿಕೊಳ್ಳಬೇಕು. ಮಳೆಸೀಮೆಯವರು ವಾರಂಟಿಯ ಯೋಚನೆಗೆ ಮುಂಚೆ ಇದನ್ನು ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ವಾರಂಟಿಯಲ್ಲೂ ಎರಡು ಬಗೆ. ಒಂದು ಕಾರು ತಯಾರಿಸಿದ ಕಂಪನಿಯದು. ಇದನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮುಂಚೆಯೇ ಕೊಂಡಿರಬೇಕು. ಹಾಗೆ ಕೊಂಡಿದ್ದರೆ ಹೆಚ್ಚಿನ ಕಂಪನಿಗಳಲ್ಲಿ ಎರಡನೇ ಮಾಲೀಕನ ಹೆಸರಿಗೂ ವರ್ಗವಾಗುತ್ತದೆ. ಇನ್ನೊಂದು ಯಾರ್ಡಿನವರೋ ಹೊರಗಿನ ಸಂಸ್ಥೆಯವರೋ ಕೊಡುವುದು. ಒಂದು ಸಲಕ್ಕೆ ಇಷ್ಟೇ, ಒಟ್ಟು ಇಷ್ಟೇ ಎಂಬ ಮಿತಿ, ಮೊದಲ ಕೆಲವು ದಿನ ಕ್ಲೇಮು ಇಲ್ಲ ಎಂಬ ಷರತ್ತು ಇದರಲ್ಲಿ ಹೆಚ್ಚು. ಎರಡರಲ್ಲೂ ಸರ್ವಿಸ್ ಹೊತ್ತು ಹೊತ್ತಿಗೆ ಆಗಿರಬೇಕು. ಒಂದು ತಪ್ಪಿದರೂ ತಕರಾರು ಎತ್ತಲು ಅವಕಾಶ. ನಮ್ಮವರು ಮಂಜಿಗೆಂದು ವೈರು ಕತ್ತರಿಸಿ ಫಾಗ್ ಲೈಟು ಹಾಕಿಸುತ್ತಾರೆ. ಮುಂದೆ ಎಲೆಕ್ಟ್ರಿಕಲ್ ಭಾಗ ಏನು ಕೆಟ್ಟರೂ ವಾರಂಟಿಯವರು ಬೆರಳು ತೋರಿಸುವುದು ಆ ವೈರಿಗೇ. ಹೋಂಸ್ಟೇ ಅತಿಥಿಗಳನ್ನು ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಸುತ್ತಿಸಿದರೂ ಹೀಗೇ, ವಾರಂಟಿಯ ಜತೆಗೆ ವಿಮೆಗೂ ಕುತ್ತು.

ನ್ಯಾಯವಾದ ಕ್ಲೇಮನ್ನು ತಳ್ಳಿಹಾಕಿದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಡಿ ಕೊಂಡದ್ದು ಬೆಂಗಳೂರಿನಲ್ಲಾದರೂ ನಾವು ವಾಸವಿರುವ ಜಿಲ್ಲೆಯಲ್ಲೇ, ಎಂದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲ ಹೆಜ್ಜೆಯಾಗಿ 1915 ಸಹಾಯವಾಣಿ ಇದೆ. ರಸೀದಿ, ಸರ್ವಿಸ್ ಬಿಲ್ಲು, ವಾಟ್ಸ್‌ಆ್ಯಪ್ ಮಾತುಗಳನ್ನು ಜೋಪಾನ ಮಾಡಿದವರಿಗೆ ಈ ದಾರಿ ಸುಗಮ.

ಅಳಿಯನ ಗಾಡಿ ಎಎಂಟಿ ಆದ್ದರಿಂದ ವಾರಂಟಿ ಬೇಕು ಎಂಬ ಕಡೆಗೇ ನನ್ನ ಮನಸ್ಸು ವಾಲಿತ್ತು. ಆದರೆ ಯಾರ್ಡಿನ ಕಾಗದದಲ್ಲಿ ಆ ಗೇರು ಬದಲಿಸುವ ಆಕ್ಚುವೇಟರನ್ನೇ ಹೊರಗಿಟ್ಟಿದ್ದರು. ಯಾವುದಕ್ಕಾಗಿ ದುಡ್ಡು ಕೊಡಬೇಕೋ ಅದೇ ಇಲ್ಲದ ಮೇಲೆ ಉಳಿದದ್ದನ್ನು ಕಟ್ಟಿಕೊಂಡು ಏನು? ಗಾಡಿಯ ನಂಬರು ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸು ಎಂದೆ. ವಿಚಾರಿಸಿದಾಗ, ಹಿಂದಿನ ಮಾಲೀಕರು ಹೊಸ ಕಾರು ಕೊಂಡಾಗಲೇ ಕಂಪನಿಯ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದದ್ದು, ಅದು ಇನ್ನೂ ಒಂದು ವರ್ಷ ಉಳಿದಿರುವುದು ತಿಳಿಯಿತು. ಯಾರ್ಡಿನವರು ಇದನ್ನು ಹೇಳಿರಲಿಲ್ಲ. ಆರ್‌ಸಿ ಅವನ ಹೆಸರಿಗಾಗಿ ಕೆಎ 46ರ ನಮ್ಮ ಸಕಲೇಶಪುರದ ಆರ್‌ಟಿಓ ವ್ಯಾಪ್ತಿಗೆ ಬಂತು. ವಿಮೆಯನ್ನು 14 ದಿನದೊಳಗೆ ವರ್ಗ ಮಾಡಿಸಿದ, ವಾರಂಟಿಯನ್ನೂ ತನ್ನ ಹೆಸರಿಗೆ ಬರೆಸಿಕೊಂಡ. ಇಪ್ಪತ್ತೆರಡು ಸಾವಿರ ಅವನ ಖಾತೆಯಲ್ಲೇ ಇದೆ.

ಕಾಫಿ ದುಡ್ಡಿನಲ್ಲಿ ಗಾಡಿ ನೋಡಲು ಹೊರಟಿರುವವರು ದಯವಿಟ್ಟು ಇಷ್ಟು ಮಾಡಿ. ಮುಂಗಡ ಕೊಡುವ ಮುಂಚೆ ಗಾಡಿಯ ನಂಬರು ಹಿಡಿದು ಕಂಪನಿಯ ಸರ್ವಿಸ್ ಚರಿತ್ರೆ ಕೇಳಿ, ಹಳೆಯ ವಾರಂಟಿ ಉಳಿದಿದೆಯೇ ವಿಚಾರಿಸಿ. ಹೊಸದಾಗಿ ಮಾರಲು ಬಂದವರಿಂದ ಷರತ್ತಿನ ಪೂರ್ತಿ ಕಾಗದ ತರಿಸಿಕೊಂಡು, ಸೇರದವುಗಳ ಪಟ್ಟಿಯನ್ನು ನಿಮ್ಮ ಮೇಸ್ತ್ರಿಯ ಪಕ್ಕ ಕೂತು ಓದಿ. ಮೊದಲು ದುಡ್ಡು, ಆಮೇಲೆ ಕಾಗದ ಎನ್ನುವವರಿಂದ ವಾರಂಟಿ ಕೊಳ್ಳಬೇಡಿ.