ಸ್ಮೃತಿಯೂ ಅನುಭವವೂ

ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಜ್ಞಾನವು ಎರಡು ಬಗೆಯೆಂಬುದು ಬಾಲ್ಯದಲ್ಲಿಯೇ ಕಂಠಸ್ಥವಾಗಿರುತ್ತದೆ: ಒಂದು ಸ್ಮೃತಿ, ಮತ್ತೊಂದು ಅನುಭವ. ಹಿಂದಿನ ಸಂಸ್ಕಾರದಿಂದ ಮಾತ್ರವೇ ಹುಟ್ಟುವುದು ಸ್ಮೃತಿ. ಅದಲ್ಲದ ಜ್ಞಾನವೆಲ್ಲವೂ ಅನುಭವ. ಈ ವಿಭಾಗವನ್ನು ನಾನು ಎಷ್ಟೋ ಮಂದಿ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಅದು ನನಗೆ ಪ್ರತ್ಯಕ್ಷವಾಗಿ ಕಂಡುದು ಶಾಲೆಯಿಂದ ನಿವೃತ್ತನಾದ ಮೇಲೆ, ೮೬ ವರುಷದ ನಮ್ಮ ತಾಯಿಯವರ ಶುಶ್ರೂಷೆಯಲ್ಲಿ.

ತಾಯಿಯವರಿಗೆ ಮರೆವಿನ ರೋಗವು ತಗುಲಿ ಆರು ವರುಷಗಳಾದುವು. ಮೊದಲು, ಉಪ್ಪು ಹಾಕಿದ ಸಾರಿಗೆ ಮತ್ತೊಮ್ಮೆ ಉಪ್ಪು ಬಿದ್ದಿತು. ಬಳಿಕ ತಿಥಿವಾರಗಳು ಕಲಸಿಹೋದುವು. ಅನಂತರ ಮೊಮ್ಮಕ್ಕಳ ಹೆಸರುಗಳು ಹೋದುವು. ಈಗ ನನ್ನನ್ನು ತಮ್ಮ ಅಣ್ಣನೆಂದು ತಿಳಿದು ಮಾತನಾಡಿಸುತ್ತಾರೆ. ನೆರೆಹೊರೆಯವರು ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಹೇಳಿ ನಮ್ಮನ್ನು ಸಮಾಧಾನಪಡಿಸಿದರು. ಆದರೆ ಮುಪ್ಪು ಬೇರೆ, ಈ ರೋಗ ಬೇರೆ. ಜರ್ಮನಿಯ ವೈದ್ಯನಾದ ಅಲೋಯಿಸ್ ಆಲ್ಜೈಮರನು ೧೯೦೬ರಲ್ಲಿ ಇಂತಹ ರೋಗಿಯೊಬ್ಬಳ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು ವೈದ್ಯರ ಸಭೆಯ ಮುಂದಿಟ್ಟನು. ಡಿಮೆನ್ಷಿಯವೆಂದು ಕರೆಯುವ ವ್ಯಾಧಿಗಳಲ್ಲಿ ಅವನ ಹೆಸರಿನದೇ ಹೆಚ್ಚಿನದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ೭.೪ರಷ್ಟು, ಎಂದರೆ ಸುಮಾರು ೮೮ ಲಕ್ಷ ಮಂದಿ, ಇದಕ್ಕೆ ಒಳಗಾಗಿರುವರೆಂದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಬಿ-೧೨ ಜೀವಸತ್ತ್ವದ ಕೊರತೆಯಿಂದಲೂ ಮರೆವು ಉಂಟಾಗುವುದುಂಟು, ಅಂತಹುದಕ್ಕೆ ಚಿಕಿತ್ಸೆಯಿದೆ. ಗಾದೆಯನ್ನು ನಂಬಿ ಮನೆಯಲ್ಲಿಯೇ ಕುಳಿತವರಿಗೆ ಅದು ದಕ್ಕುವುದಿಲ್ಲ. ನಮ್ಮ ತಾಯಿಯವರದು ಹಾಗೆ ಗುಣವಾಗುವ ಮರೆವಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದರು.

ದೀಪ ಹಚ್ಚುವ ಹೊತ್ತಿಗೆ ಅವರ ಕಳವಳ ಹೆಚ್ಚುತ್ತದೆ. ಬಾಗಿಲಿಗೆ ಬಂದು ನಿಂತು, ‘ಇವರು ಇನ್ನೂ ಬರಲಿಲ್ಲವಲ್ಲ’ ಎಂದು ನಮ್ಮ ತಂದೆಯವರ ದಾರಿ ನೋಡುತ್ತಾರೆ. ತಂದೆಯವರು ತೀರಿಕೊಂಡು ೧೯ ವರುಷಗಳಾಗಿವೆ. ಒಮ್ಮೆ ನಮ್ಮಲ್ಲಿಗೆ ಬಂದಿದ್ದ ಬಂಧುಗಳೊಬ್ಬರು, ಸತ್ಯವನ್ನು ಮರೆಮಾಡಬಾರದೆಂಬ ಸದುದ್ದೇಶದಿಂದ, ಇದ್ದುದನ್ನು ಇದ್ದಂತೆ ಹೇಳಿದರು. ತಾಯಿಯವರು ಅಂದೇ ಪತಿಯನ್ನು ಕಳೆದುಕೊಂಡವರಂತೆ ಅತ್ತರು. ಅರ್ಧ ಗಂಟೆಯೊಳಗೆ ಬಂಧುಗಳ ಮಾತು ಮರೆತುಹೋಯಿತು; ಅಳು ಮಾತ್ರ ರಾತ್ರಿಯವರೆಗೂ ನಿಲ್ಲಲಿಲ್ಲ. ‘ಏಕಮ್ಮ ಅಳುತ್ತೀಯೆ?’ ಎಂದು ಕೇಳಿದರೆ, ‘ಗೊತ್ತಿಲ್ಲ ಅಣ್ಣ, ಅಳು ಬರುತ್ತದೆ’ ಎಂದರು. ದುಃಖವು ಬೇರೆಯೇ ಒಂದು ಗುಣವೆಂದು ನೈಯಾಯಿಕರು ವಾದಿಸಬಹುದು. ಆ ಚರ್ಚೆ ಇಲ್ಲಿ ಬೇಡ. ಸ್ಮೃತಿಯು ಅಳಿದವರಲ್ಲಿಯೂ ಅನುಭವವು ಅಳಿದಿಲ್ಲವೆಂಬುದನ್ನು ನಾನು ಅಂದು ಕಣ್ಣಾರೆ ಕಂಡೆನು.

ನನ್ನ ಸಹಧರ್ಮಿಣಿ ತರ್ಕವನ್ನು ಓದಿದವಳಲ್ಲ. ಅತ್ತೆಯವರು ಬಾಗಿಲಿಗೆ ಬಂದರೆ, ‘ಮಾವನವರಿಗೆ ಯಾವ ಹುಳಿ ಇಷ್ಟ, ಅತ್ತೆ?’ ಎಂದು ಕೇಳುತ್ತಾಳೆ. ತಾಯಿಯವರು ಬದನೆಕಾಯಿಯ ಹುಳಿಯ ವಿಚಾರವನ್ನು ಹೇಳುತ್ತ ಒಳಕ್ಕೆ ಬರುತ್ತಾರೆ. ಮಲ್ಲಿಗೆಯ ಮೊಗ್ಗನ್ನೂ ಬಾಳೆಯ ನಾರನ್ನೂ ಕೈಗೆ ಕೊಟ್ಟರೆ ಬೆರಳುಗಳು ತಪ್ಪಿಲ್ಲದೆ ದಂಡೆ ಕಟ್ಟುತ್ತವೆ. ಇದರಲ್ಲಿ ಸುಳ್ಳೂ ಇಲ್ಲ, ನೋಯಿಸುವ ಸತ್ಯವೂ ಇಲ್ಲ.

ಇಷ್ಟರಿಂದ ನಮ್ಮ ಮನೆಯು ಶಾಂತಿಯ ಆಶ್ರಮವೆಂದು ವಾಚಕರು ಭಾವಿಸಬಾರದು. ನಡುರಾತ್ರಿಯಲ್ಲಿ ಎದ್ದು ತೌರುಮನೆಗೆ ಹೊರಡುವವರನ್ನು ತಡೆಯಬೇಕು. ಬಾಗಿಲ ಚಿಲಕವನ್ನು ಕೈಗೆಟುಕದ ಎತ್ತರಕ್ಕೆ ಏರಿಸಿದ್ದೇವೆ. ಗ್ಯಾಸನ್ನು ಪ್ರತಿರಾತ್ರಿಯೂ ಸಿಲಿಂಡರಿನಲ್ಲಿಯೇ ನಿಲ್ಲಿಸಿ ಮಲಗುತ್ತೇವೆ. ಸ್ನಾನ ಮಾಡಿಸಹೋದವರಿಗೆ ಒಮ್ಮೊಮ್ಮೆ ಬೈಗಳೂ ಉಂಟು, ಏಟೂ ಉಂಟು. ನಮ್ಮ ಸಮಾಜದಲ್ಲಿ ಮಾತಾಪಿತೃಸೇವೆಯ ಪುಣ್ಯವು ಮಗನ ಹೆಸರಿಗೆ, ಶ್ರಮವು ಸೊಸೆಯ ಪಾಲಿಗೆ. ಇದು ನ್ಯಾಯವಲ್ಲವೆಂದು ರಾತ್ರಿಯ ಸರದಿಯನ್ನು ನಾನು ವಹಿಸಿಕೊಂಡಿದ್ದೇನೆ. ತಿಂಗಳಿಗೆ ಒಂದು ವಾರ ನನ್ನ ತಂಗಿ ಬಂದಿರುತ್ತಾಳೆ. ಆಗ ಇವಳು ತನ್ನ ತೌರಿಗೆ ಹೋಗಿ ಕಣ್ತುಂಬ ನಿದ್ದೆ ಮಾಡಿ ಬರುತ್ತಾಳೆ. ಶುಶ್ರೂಷೆ ಮಾಡುವವರೇ ಹಾಸಿಗೆ ಹಿಡಿದರೆ ರೋಗಿಗೆ ಗತಿಯೇನು?

ಕಡೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ಇಂತಹ ವೃದ್ಧರನ್ನು ನೋಡಬಂದವರಲ್ಲಿ ಅನೇಕರು ‘ನಾನು ಯಾರು, ಹೇಳಿ ನೋಡೋಣ’ ಎಂದು ಕೇಳುವುದುಂಟು. ೩೪ ವರುಷ ಪರೀಕ್ಷೆ ನಡೆಸಿದವನು ನಾನು. ಉತ್ತರ ತಿಳಿಯದ ಮಗುವಿನ ಮುಖವು ಹೇಗಿರುವುದೆಂದು ಬಲ್ಲೆ. ಆ ಮುಖವನ್ನು ಹೆತ್ತ ತಾಯಿಯಲ್ಲಿ ಕಾಣುವುದು ಕಷ್ಟ. ಬಂದವರು ತಮ್ಮ ಹೆಸರನ್ನು ತಾವೇ ಹೇಳಿಕೊಂಡು, ಕೈ ಹಿಡಿದು ಹತ್ತು ನಿಮಿಷ ಕುಳಿತರೆ ಸಾಕು. ನೀವು ಬಂದಿದ್ದುದು ಅವರಿಗೆ ನೆನಪಿರಲಾರದು. ಆದರೆ ಆ ಸಂಜೆ ಅವರ ಕಳವಳವು ಒಂದಿಷ್ಟು ಕಡಮೆಯಾಗಿರಬಹುದು.